ಓಣಿದಾರಿಯ ಸೈಕಲ್ಲು

ಕನ್ನಡದಲ್ಲಿ ದಾರಿಗೆ ಇರುವ ಹೆಸರುಗಳು ಹಲವು. ಹೆದ್ದಾರಿ, ಬಂಡಿದಾರಿ, ಕಾಲುದಾರಿ, ಅಡ್ಡದಾರಿ, ಜಾಡು, ಓಣಿ ಎಂಬ ಈ ಮಾತುಗಳು ಒಂದೇ ಅರ್ಥದವಲ್ಲ. ಆಯಾ ದಾರಿಯಲ್ಲಿ ಯಾರು ಹೋಗುತ್ತಾರೆ, ಎಷ್ಟು ಆತುರದಿಂದ ಹೋಗುತ್ತಾರೆ ಎಂಬುದನ್ನೂ ಅವು ತಿಳಿಸುತ್ತವೆ. ಪೇಟೆಯವರ ಬಾಯಲ್ಲಿ ಓಣಿ ಎಂದರೆ ಮನೆಗಳ ನಡುವಣ ಇಕ್ಕಟ್ಟು ಬೀದಿ. ಬಯಲುಸೀಮೆಯ ರೈತನ ಬಾಯಲ್ಲಿ ಅದು ಎರಡು ಹೊಲಗಳ ಬೇಲಿಯ ನಡುವೆ, ಒಂದು ಬಂಡಿ ಹಿಡಿಸುವಷ್ಟೇ ಅಗಲವಾಗಿ, ಊರಿನಿಂದ ಹೊಲಕ್ಕೂ ಹೊಲದಿಂದ ಮುಂದಿನ ಊರಿಗೂ ಸಾಗುವ ತಗ್ಗುದಾರಿ. ಇಂಗ್ಲೆಂಡಿನ ಹಳ್ಳಿನಾಡಿನವರು ‘ಲೇನ್’ ಎಂದು ಕರೆಯುವುದು ಇದನ್ನೇ. ಅಲ್ಲಿಯ ಓಣಿಗೆ ಇಕ್ಕೆಲದಲ್ಲಿ ಹಸುರು ಗಿಡಗಳ ಹೆಣೆದ ಬೇಲಿ; ನಮ್ಮ ಓಣಿಗೆ ಕತ್ತಾಳೆ, ಕಳ್ಳಿ, ತಂಗಡಿ. ಅಲ್ಲಿಯದು ವರ್ಷದ ಬಹುಪಾಲು ತೊಯ್ದಿರುತ್ತದೆ. ನಮ್ಮದು ದೂಳು ಹೊದ್ದಿರುತ್ತದೆ. ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ.

ಆ ನಾಡಿಗೂ ಸೈಕಲ್ಲಿಗೂ ಇರುವ ನಂಟು ಹಳೆಯದು. ಸಮನಾದ ಎರಡು ಗಾಲಿಗಳೂ ಹಿಂಗಾಲಿಗೆ ಚೈನೂ ಇರುವ ಇಂದಿನ ಮಾದರಿಯ ಸೈಕಲ್ಲನ್ನು ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದನು. ತನ್ನ ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ತಪ್ಪಿಸಲು ಆತ ಹೂಡಿದ ಉಪಾಯವದು. ಇವೆರಡಕ್ಕೂ ಮೊದಲೇ, 1878ರಲ್ಲಿ, ಹ್ಯಾರೊಗೇಟ್ ಎಂಬ ಊರಿನಲ್ಲಿ ಸೈಕಲ್ ಪ್ರವಾಸಿಗಳ ಸಂಘವೊಂದು ಹುಟ್ಟಿತ್ತು. ರಸ್ತೆಗಳನ್ನು ಸುಧಾರಿಸಬೇಕೆಂದು 1886ರಲ್ಲಿ ಬೇರೊಂದು ಸಂಘವನ್ನೇ ಕಟ್ಟಿ ಅಧಿಕಾರಿಗಳ ಬೆನ್ನು ಹತ್ತಿದವರೂ ಈ ಸೈಕಲ್ ಸವಾರರೇ. ಮೋಟಾರು ಬಂಡಿಗಳು ಆಗಿನ್ನೂ ಆ ನಾಡಿನ ರಸ್ತೆಗಳಿಗೆ ಇಳಿದಿರಲಿಲ್ಲ. ಹಾಗೆ ಸುಧಾರಿಸಿದ ರಸ್ತೆಗಳನ್ನು ಮುಂದೆ ಮೋಟಾರಿನವರು ಆಕ್ರಮಿಸಿಕೊಂಡರು. ಸೈಕಲ್ಲಿನವರು ಓಣಿಗಳಿಗೆ ಸರಿದರು. ಕೊನೆಗೆ ಓಣಿಗಳಿಗೂ ಕಾರು ನುಗ್ಗತೊಡಗಿದಾಗ 2000ನೇ ಇಸವಿಯ ಸಾರಿಗೆ ಕಾಯಿದೆಯಲ್ಲಿ, ಸ್ಥಳೀಯ ಆಡಳಿತಗಳು ಕೆಲವು ಹಳ್ಳಿದಾರಿಗಳನ್ನು ‘ನಿಶ್ಶಬ್ದ ಓಣಿ’ಗಳೆಂದು ಗೊತ್ತುಪಡಿಸಬಹುದೆಂಬ ಅವಕಾಶವನ್ನು ಕಲ್ಪಿಸಲಾಯಿತು. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು, ಕಾರಿನವರು ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಧಾನವಾಗಿ ಹೋಗಬೇಕಾದ ದಾರಿಗಳವು. ಮೌನವನ್ನು ಕಾಯಿದೆಯಿಂದ ಕಾಪಾಡಿಕೊಳ್ಳಬೇಕಾದ ಸ್ಥಿತಿ ಅವರಿಗೆ ಬಂದಿತು. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಆ ಮೌನ ಇನ್ನೂ ತಾನಾಗಿಯೇ ಉಳಿದಿದೆ. ನಮಗೆ ಮಾತ್ರ ಅದರ ಬೆಲೆ ತಿಳಿದಂತಿಲ್ಲ.

ಹೀಗೆನ್ನುವುದಕ್ಕೆ ಕಾರಣವುಂಟು. ನಮಗೆ ಬೇಕಾದ ಒಂದು ಮನೆತನದ ಹುಡುಗ ವೈದ್ಯನಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ರಜೆಯ ದಿನಗಳಲ್ಲಿ ಅಲ್ಲಿಯ ಓಣಿಗಳಲ್ಲಿ ನಲವತ್ತು ಐವತ್ತು ಮೈಲಿ ಸೈಕಲ್ ತುಳಿಯುವುದು ಅವನ ರೂಢಿ. ಎರಡು ವರ್ಷಗಳ ಹಿಂದೆ ಅಜ್ಜಂಪುರದ ಕಡೆಯ ತನ್ನ ಊರಿಗೆ ಬಂದವನು, ಅಟ್ಟದ ಮೇಲಿದ್ದ ತಾತನ ಸೈಕಲ್ಲನ್ನು ಇಳಿಸಿ, ಎಣ್ಣೆ ಬಿಟ್ಟು, ಟ್ಯೂಬು ಬದಲಿಸಿ ಮುಂಜಾನೆ ಹೊರಟುಬಿಟ್ಟ. ಅವನ ತಾಯಿ ನಮ್ಮಲ್ಲಿಗೆ ಬಂದು, “ಬುದ್ಧಿ, ಹುಡುಗನಿಗೆ ಒಂದು ಮಾತು ಹೇಳಿರಿ. ಮನೆಯಲ್ಲಿ ಕಾರಿದೆ. ಡಾಕ್ಟರಾದವನು ಸೈಕಲ್ ಮೇಲೆ ತಿರುಗಿದರೆ ನೆಂಟರಿಷ್ಟರು ಏನೆಂದುಕೊಂಡಾರು?” ಎಂದರು. ಆ ತಾಯಿಯ ಸಂಕಟ ಸುಳ್ಳಲ್ಲ. ನಾವು ಅವರಿಗೆ, “ತಾಯಿ, ಅವನ ತಾತ ಅದೇ ಸೈಕಲ್ಲಿನ ಮೇಲೆ ಹೋಗಿ ಬಂದೇ ನಿಮ್ಮ ಮನೆಯ ತೋಟ ಕಟ್ಟಿದ್ದು” ಎಂದು ಹೇಳಿ ಕಳುಹಿಸಿದೆವು. ಸೈಕಲ್ಲು ಬಡತನದ ಗುರುತು ಎಂಬ ಭಾವನೆ ನಮ್ಮ ಮನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದು ಆ ದಿನ ನಮಗೆ ಚೆನ್ನಾಗಿ ಮನವರಿಕೆಯಾಯಿತು.

ಈ ಮೂರು ಊರುಗಳನ್ನು ನಕ್ಷೆಯ ಮೇಲೆ ಗೆರೆಯೆಳೆದು ಕೂಡಿಸಿದರೆ ತ್ರಿಕೋನವೊಂದು ಮೂಡುತ್ತದೆ. ಕಡೂರಿನಿಂದ ಬೀರೂರಿನ ಮೇಲೆ ತರೀಕೆರೆಗೆ ಸುಮಾರು ಮೂವತ್ತೈದು ಕಿಲೋಮೀಟರು. ತರೀಕೆರೆಯಿಂದ ಅಜ್ಜಂಪುರಕ್ಕೆ ಇಪ್ಪತ್ತರ ಆಸುಪಾಸು. ಅಜ್ಜಂಪುರದಿಂದ ತಿರುಗಿ ಬೀರೂರಿನ ಮೇಲೆ ಕಡೂರಿಗೆ ಮೂವತ್ತರ ಆಸುಪಾಸು. ಇದರ ಒಂದು ಭುಜ ಹೆದ್ದಾರಿ. ಹಿಂದೆ 206 ಎಂದಿದ್ದು ಈಗ 69 ಎಂಬ ಸಂಖ್ಯೆ ಹೊತ್ತಿರುವ, ಹೊನ್ನಾವರದ ಕಡೆಗೆ ಸಾಗುವ ದಾರಿಯದು. ಈಚಿನ ವರ್ಷಗಳಲ್ಲಿ ಅದನ್ನು ನಾಲ್ಕು ಪಥಗಳಿಗೆ ಅಗಲಿಸುವ ಕೆಲಸ ನಡೆದು, ನೆರಳು ನೀಡುತ್ತಿದ್ದ ಸಾಲುಮರಗಳು ಉರುಳಿದುವು. ಅಲ್ಲಿ ಸೈಕಲ್ಲಿನವನಿಗೆ ಈಗ ಸ್ಥಳವಿಲ್ಲ. ಆ ದಾರಿಯನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ. ನಮ್ಮ ಮಾತೆಲ್ಲ ತ್ರಿಕೋನದ ಒಳಗಿನ ಮತ್ತು ಅದರ ಮಗ್ಗುಲಿನ ಸಣ್ಣ ದಾರಿಗಳನ್ನು ಕುರಿತದ್ದು.

ಈ ದಾರಿಗಳಲ್ಲಿ ಎಷ್ಟೋ ನಮ್ಮ ಬಾಲ್ಯದಲ್ಲಿ ಮಣ್ಣಿನ ಬಂಡಿದಾರಿಗಳಾಗಿದ್ದುವು. 2000ನೇ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ಆಮೇಲೆ ಬಂದ ರಾಜ್ಯದ ಯೋಜನೆಗಳಿಂದ ಇಂತಹ ದಾರಿಗಳು ಡಾಂಬರು ಕಂಡುವು. ಹಳ್ಳಿಯನ್ನು ಹೆದ್ದಾರಿಗೆ ಕೂಡಿಸುವ ಈ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ ಮೂರೂಮುಕ್ಕಾಲು ಮೀಟರು. ಎದುರಿನಿಂದ ಟ್ರ್ಯಾಕ್ಟರು ಬಂದರೆ ಸೈಕಲ್ಲಿನವನು ಮಣ್ಣಿಗೆ ಇಳಿಯಬೇಕು. ಆದರೆ ದಿನದ ಬಹುಹೊತ್ತು ಟ್ರ್ಯಾಕ್ಟರೂ ಬರುವುದಿಲ್ಲ. ಇಂಗ್ಲೆಂಡಿನವರು ಕಾಯಿದೆ ಮಾಡಿ ಉಳಿಸಿಕೊಂಡ ಓಣಿಗೂ ಇದಕ್ಕೂ ಅಗಲದಲ್ಲಾಗಲಿ ಶಾಂತಿಯಲ್ಲಾಗಲಿ ಹೆಚ್ಚಿನ ಅಂತರವಿಲ್ಲ. ಆ ಡಾಕ್ಟರು ಹುಡುಗ ಹೇಳಿದ್ದೂ ಇದನ್ನೇ. ನಮ್ಮ ನಾಯಿಗಳು ಮಾತ್ರ ಅಲ್ಲಿಯವಕ್ಕಿಂತ ಹೆಚ್ಚು ಶ್ರದ್ಧಾವಂತವೆಂದು ಸೇರಿಸಿದ.

ನಮ್ಮ ಸೀಮೆಯ ವೈಶಿಷ್ಟ್ಯವೇನೆಂದರೆ, ಎರಡು ತಾಸು ಸೈಕಲ್ ತುಳಿಯುವುದರೊಳಗೆ ನಾಡೇ ಬದಲಾಗುತ್ತದೆ. ಪಡುವಣಕ್ಕೆ ಬಾಬಾಬುಡನ್ ಗಿರಿಸಾಲು, ಅದರ ಅಡಿಯಲ್ಲಿ ಅಡಿಕೆ ತೋಟಗಳು. ಮೂಡಣಕ್ಕೆ ಮಳೆ ಕಾಣದ ರಾಗಿಯ ಹೊಲ, ತೆಂಗಿನ ಸಾಲು, ಹುರುಳಿ. ಕಡೂರಿನಿಂದ ತೆಂಕಪಡುವಣಕ್ಕೆ ಸಖರಾಯಪಟ್ಟಣದ ಕಡೆ ಹೊರಟವನಿಗೆ ಮೊದಲು ಬರಡು ನೆಲ, ಆಮೇಲೆ ಶಕುನಗಿರಿಯ ಅಡಿಯಲ್ಲಿ ಹರಡಿಕೊಂಡ ಅಯ್ಯನಕೆರೆ. ರುಕ್ಮಾಂಗದ ರಾಜನು ಕಟ್ಟಿಸಿದನೆಂಬ ಪ್ರತೀತಿಯುಳ್ಳ ಕೆರೆಯಿದು. ಇನ್ನೊಂದು ಕಡೆ ಎಮ್ಮೆದೊಡ್ಡಿಯ ಮಗ್ಗುಲಿನ ಮದಗದ ಕೆರೆ. ಗಿರಿಯಿಂದ ಇಳಿದ ಒಂದು ಹಳ್ಳ ಅಯ್ಯನಕೆರೆಯನ್ನು ತುಂಬಿ ವೇದಾ ಎನಿಸಿಕೊಂಡು ಹೊರಡುತ್ತದೆ, ಮದಗದ ಕೆರೆಯಿಂದ ಆವತಿ ಹೊರಡುತ್ತದೆ. ಕಡೂರಿನ ಸೀಮೆಯಲ್ಲಿ ಇವೆರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದವರೆಗೆ ಹರಿಯುತ್ತವೆ. ಕಾರಿನಲ್ಲಿ ಕುಳಿತವನಿಗೆ ಇದೊಂದು ಭೂಗೋಳದ ಪಾಠ. ಸೈಕಲ್ಲಿನವನಿಗಾದರೋ ನೀರು ಯಾವ ಕಡೆಗೆ ಇಳಿಯುತ್ತದೆ ಎಂಬುದು ಮೊಣಕಾಲಿಗೇ ತಿಳಿಯುತ್ತದೆ. ಕಣ್ಣಿಗೆ ಚಪ್ಪಟೆಯಾಗಿ ಕಾಣುವ ದಾರಿ ಹೋಗುವಾಗ ಏಕೆ ಸುಲಭ, ಬರುವಾಗ ಏಕೆ ಕಷ್ಟ ಎಂದು ಯೋಚಿಸಿದರೆ ಅಲ್ಲೆಲ್ಲೋ ಒಂದು ಕೆರೆಯ ಏರಿ ಇದ್ದೇ ಇರುತ್ತದೆ.

ತರೀಕೆರೆಯ ಕಡೆಯ ದಾರಿಗಳು ಬೇರೆ ಬಗೆಯವು. ಮಕ್ಕಳ ನಾಲಗೆ ತೊಡರುವ ಮಾತಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆಯ ಏರಿಯ ಊರು ಅದು. ಅಲ್ಲಿಂದ ಲಿಂಗದಹಳ್ಳಿಯ ಮೇಲೆ ಕಲ್ಲತ್ತಗಿರಿ, ಕೆಮ್ಮಣ್ಣುಗುಂಡಿಯ ಕಡೆಗೆ ಹೋಗುವ ದಾರಿ ಲಿಂಗದಹಳ್ಳಿಯವರೆಗೆ ಸೌಮ್ಯ. ಅಲ್ಲಿಂದ ಮುಂದೆ ಏರು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರು, ತರೀಕೆರೆ ಅದರ ಅರ್ಧದಷ್ಟು. ಹಲವು ಗೇರುಗಳ ಸೈಕಲ್ಲು, ಹೆಲ್ಮೆಟ್ಟು, ಮೈಗಂಟಿದ ಉಡುಪು ತೊಟ್ಟ ಬೆಂಗಳೂರು ಶಿವಮೊಗ್ಗ ಕಡೆಯ ತರುಣರು ಇಂತಹ ಏರುಗಳನ್ನು ಹುಡುಕಿಕೊಂಡು ಬರುವುದುಂಟು. ಇವರಲ್ಲಿ ಕೆಲವರು ‘ಬ್ರೆವೆ’ ಎಂಬ ದೂರಸವಾರಿಯ ವ್ರತಧಾರಿಗಳು. ಫ್ರಾನ್ಸಿನ ಸಂಘವೊಂದು ರೂಪಿಸಿದ ಆ ಪದ್ಧತಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಗೆದ್ದವರು, ಸೋತವರು ಎಂಬುದಿಲ್ಲ, ಮುಗಿಸಿದವರು ಮಾತ್ರ. ಈ ನಿಯಮ ನಮಗೆ ಬಹಳ ಹಿಡಿಸಿತು. ಆದರೆ ಅಂತಹ ಸಾಹಸ ನಮ್ಮ ಗೃಹಸ್ಥ ಓದುಗರಿಗೆ ಅಗತ್ಯವಿಲ್ಲ.

ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದವು ಅಜ್ಜಂಪುರದ ದಾರಿಗಳು. ಬಗ್ಗವಳ್ಳಿ, ಶಿವನಿ, ಬುಕ್ಕಾಂಬುಧಿಗಳ ಕಡೆಯ ಬಯಲು ಅದು. ಕಾರ್ತಿಕದಲ್ಲಿ ರಾಗಿಯ ಹೊಲದ ನಡುನಡುವೆ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಳದಿ ಹೂ ಬಿಟ್ಟಿರುತ್ತದೆ; ಈರುಳ್ಳಿ ಕಿತ್ತ ಹೊಲದ ಘಾಟು ಅರ್ಧ ಮೈಲಿ ಮೊದಲೇ ಮೂಗಿಗೆ ಬರುತ್ತದೆ. ದೂರದಲ್ಲಿ ಹೊಸದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಅಮೃತಮಹಲ್ ರಾಸುಗಳ ಕಾವಲುಗಳೂ ಈ ಕಡೆಯೇ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡು, ಫಿರಂಗಿಗಳನ್ನು ಎಳೆದ ಆ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಬಿಲ್ಲಿನಂತೆ ಹಿಂದಕ್ಕೆ ಬಾಗಿ ತುದಿ ಚೂಪಾದ ಕೊಂಬುಗಳ ಆ ಹಿಂಡು ರಸ್ತೆ ದಾಟುವಾಗ ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ ಹಿಡಿದು, ಸುಮ್ಮನೆ ನಿಲ್ಲುವುದು ಉಚಿತ. ಬೆಲ್ಲು ಬಾರಿಸುವುದು ಅವಿವೇಕ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ಬೈಕಿನ ಸದ್ದಿಗೆ ಅರ್ಧ ಮೈಲಿ ಓಡುವ ಜಿಂಕೆಗಳು, ಸದ್ದಿಲ್ಲದೆ ರಸ್ತೆಯ ಮೇಲೆಯೇ ಹೋಗುವ ಸೈಕಲ್ಲಿಗೆ ತಲೆಯೆತ್ತಿ ನೋಡಿ ಮತ್ತೆ ಮೇಯುವುದನ್ನು ನಾವು ಕಂಡಿದ್ದೇವೆ.

ಈ ಬಯಲಿನ ಒಡೆಯನೆಂದರೆ ಗಾಳಿ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ ಅಜ್ಜಂಪುರದಿಂದ ತರೀಕೆರೆಗೆ ಸೈಕಲ್ ತುಳಿದವನು ಆ ದಿನವನ್ನು ಮರೆಯಲಾರ. ಅದೇ ಗಾಳಿ ಬೆನ್ನಿಗಿದ್ದರೆ ತುಳಿಯುವ ಶ್ರಮವೇ ಇಲ್ಲ. ನಮ್ಮ ಕಾಲದ ಅಂಚೆಯವರು ಇದನ್ನು ಬಲ್ಲವರಾಗಿದ್ದರು. ಬಟವಾಡೆಯ ಸರದಿಯನ್ನು ಗಾಳಿ ನೋಡಿ ಬದಲಿಸಿಕೊಳ್ಳುತ್ತಿದ್ದರು.

ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಸೈಕಲ್ಲು ಅಪರೂಪದ ಸಂಪತ್ತು. ಬಾಡಿಗೆ ಸೈಕಲ್ಲಿಗೆ ಗಂಟೆಗೆ ನಾಲ್ಕಾಣೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗಡಿಯ ಹೆಸರೂ ಸೈಕಲ್ಲಿನ ಸಂಖ್ಯೆಯೂ ಬಣ್ಣದಲ್ಲಿ ಬರೆದಿರುತ್ತಿದ್ದುವು. ಸೀಟು ಎಟುಕದ ನಾವು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ ಕಲಿತವರು. ಪಂಚೆ ಚೈನಿಗೆ ಸಿಕ್ಕಿ ಎಣ್ಣೆಯ ಕಲೆಯಾದುದಕ್ಕೆ ಪಾಠಶಾಲೆಯ ಗುರುಗಳಿಂದ ಬೈಸಿಕೊಂಡದ್ದೂ ಉಂಟು. ಮಠದಲ್ಲಿ ಒಂದೇ ಸೈಕಲ್ಲಿತ್ತು. ಜಾತ್ರೆಯ ತಿಥಿ ಗೊತ್ತಾದೊಡನೆ ಕಾರಕೂನರು ಅದರ ಮೇಲೆ ಊರೂರಿಗೆ ಹೋಗಿ ಭಕ್ತರಿಗೆ ತಿಳಿಸಿ ಬರುತ್ತಿದ್ದರು. ಸುಗ್ಗಿಯಲ್ಲಿ ಕಾಣಿಕೆಯ ಧಾನ್ಯದ ಲೆಕ್ಕ ಬರೆದುಕೊಂಡು ಬರುತ್ತಿದ್ದರು. ಶಾಲೆಯ ಮೇಷ್ಟ್ರು, ಅಂಚೆಯವರು, ಹಾಲಿನವರು, ವೀಳ್ಯದೆಲೆಯ ಪೆಂಡಿ ಮಾರುವವರು, ಬಟ್ಟೆಯ ಗಂಟಿನವರು ಎಲ್ಲರೂ ಈ ಓಣಿಗಳಲ್ಲಿ ಸೈಕಲ್ಲಿನ ಮೇಲೆಯೇ ತಮ್ಮ ಕಾಯಕ ನಡೆಸಿದರು. ಮದುವೆಯಲ್ಲಿ ವರನಿಗೆ ಸೈಕಲ್ಲು, ವಾಚು, ರೇಡಿಯೋ ಕೊಡುವುದು ಆಗಿನ ಪದ್ಧತಿ. ಆಮೇಲೆ ಆ ಸ್ಥಾನಕ್ಕೆ ಬೈಕು ಬಂದಿತು, ಈಗ ಕಾರು. ಕೊಡುವ ಪದ್ಧತಿಯೇ ಕೆಟ್ಟದ್ದು ಎಂಬುದು ಬೇರೆ ಮಾತು.

ದೇಶದ ಸೈಕಲ್ ಕಾರ್ಖಾನೆಗಳ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಮದರಾಸಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನಲ್ಲಿ ಅಟ್ಲಾಸ್ 1951ರಲ್ಲಿ, ಲೂಧಿಯಾನದಲ್ಲಿ ಹೀರೋ 1956ರಲ್ಲಿ ಆರಂಭವಾದುವು. ನಮ್ಮ ಹಿರಿಯರ ಮನೆಗಳಲ್ಲಿ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಂಬ ಹೆಸರುಗಳು ಮನೆಯ ಎತ್ತುಗಳ ಹೆಸರುಗಳಷ್ಟೇ ಪರಿಚಿತವಾಗಿದ್ದುವು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಆ ದಿನ ವಿಶ್ವಸಂಸ್ಥೆ ಗೊತ್ತುಮಾಡಿದ ವಿಶ್ವ ಸೈಕಲ್ ದಿನವಾಗಿತ್ತು.

ನಮ್ಮ ರಾಜ್ಯದಲ್ಲಿ ಸೈಕಲ್ಲು ಮತ್ತೊಮ್ಮೆ ಹಳ್ಳಿಗೆ ಬಂದದ್ದು ಸರ್ಕಾರದ ಮೂಲಕ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಮುಂಜಾನೆ ಎಂಟೂವರೆಗೆ ಅಜ್ಜಂಪುರದ ಯಾವ ದಿಕ್ಕಿನ ದಾರಿಯಲ್ಲಿ ನಿಂತರೂ ಎರಡು ಜಡೆಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿಯುತ್ತ ಪ್ರೌಢಶಾಲೆಗೆ ಬರುವುದನ್ನು ಕಾಣಬಹುದಾಗಿತ್ತು. ಆ ಸೈಕಲ್ಲುಗಳ ಗುಣಮಟ್ಟದ ಬಗೆಗೆ ದೂರುಗಳಿದ್ದುದು ನಿಜ. ಆದರೂ ಆ ದೃಶ್ಯವನ್ನು ನಾವು ಸಂತೋಷದಿಂದ ನೋಡಿದವರು. ಕೋವಿಡ್ ಬಂದ 2020ರಲ್ಲಿ ಶಾಲೆಗಳೊಂದಿಗೆ ಆ ವಿತರಣೆಯೂ ನಿಂತಿತು. ಶಾಲೆಗಳು ತೆರೆದರೂ ಸೈಕಲ್ಲಿನ ಸಾಲು ಮೊದಲಿನಂತೆ ಕೂಡಲಿಲ್ಲ.

ಇದರಿಂದ ಏನು ನಷ್ಟ ಎಂದು ಕೇಳುವವರುಂಟು. ಬಿಹಾರದಲ್ಲಿ 2006ರಿಂದ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಷಿತ್ ಪ್ರಕಾಶ್ ಅದರ ಪರಿಣಾಮವನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡಾ 32ರಷ್ಟು ಏರಿತೆಂದೂ, ಶಾಲೆ ಮೂರು ಕಿಲೋಮೀಟರು ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ ಅದರ ಲಾಭ ಹೆಚ್ಚೆಂದೂ ಅವರು ಕಂಡುಕೊಂಡರು. ನಮ್ಮ ತ್ರಿಕೋನದ ಹಳ್ಳಿಗಳಿಗೆ ಈ ಮೂರು ಕಿಲೋಮೀಟರಿನ ಮಾತು ಹೇಳಿಬರೆಸಿದಂತಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ಒಳ್ಳೆಯದೇ. ಆದರೆ ಬಸ್ಸು ಹೋಗುವುದು ರಸ್ತೆಯಲ್ಲಿ, ತನ್ನ ವೇಳೆಗೆ. ಓಣಿಯ ಹಳ್ಳಿಗೆ ಅದು ಬಂದರೆ ದಿನಕ್ಕೆ ಒಂದು ಸಲ ಅಥವಾ ಎರಡು ಸಲ.

ನಮಗೆ ತಿಳಿದ ಒಂದು ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಸಂಜೆ ವಿಶೇಷ ತರಗತಿಯಿತ್ತು. ಅದು ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿರುತ್ತಿತ್ತು. ಊರು ನಾಲ್ಕು ಕಿಲೋಮೀಟರು. ಅಣ್ಣನ ಸೈಕಲ್ಲು ಮನೆಯ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿದ್ದರೂ “ವಯಸ್ಸಿಗೆ ಬಂದ ಹುಡುಗಿ ಸೈಕಲ್ ತುಳಿದು ಬರುವುದೇ?” ಎಂದು ಅಜ್ಜಿ ಅಡ್ಡಿ ಮಾಡಿದರು. ಹುಡುಗಿ ವಿಶೇಷ ತರಗತಿ ಬಿಟ್ಟಳು, ಗಣಿತದಲ್ಲಿ ಉತ್ತೀರ್ಣಳಾಗಲಿಲ್ಲ, ಆ ವರ್ಷವೇ ಮದುವೆಯ ಮಾತು ಎದ್ದಿತು. ಸುದ್ದಿ ತಿಳಿದು ನಾವು ಆ ಮನೆಗೆ ಹೋದೆವು. ಅಜ್ಜಿಯ ಮುಂದೆ ಶಾಸ್ತ್ರ ಹೇಳಲಿಲ್ಲ. ಪುದುಕ್ಕೋಟೆಯ ಸಂಗತಿಯೊಂದನ್ನು ಹೇಳಿದೆವು. ತಮಿಳುನಾಡಿನ ಆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಚಳವಳಿ ನಡೆದಾಗ, ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಹೆಂಗಸರಿಗೆ ಓದುಬರಹದ ಜೊತೆಗೆ ಸೈಕಲ್ಲನ್ನೂ ಕಲಿಸಲು ಮುಂದಾದರು. ಕೂಲಿ ಮಾಡುವ, ಕಲ್ಲು ಒಡೆಯುವ ಸಾವಿರಾರು ಹೆಂಗಸರು ಸೀರೆಯುಟ್ಟೇ ಕಲಿತರು. ಹೆಣ್ಣು ಸೈಕಲ್ಲುಗಳು ಅಂಗಡಿಯಲ್ಲಿ ಸಿಗದೆ ಗಂಡು ಸೈಕಲ್ಲುಗಳನ್ನೇ ಕೊಂಡರು, ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಂಡರು. ಅಜ್ಜಿ ಎಲ್ಲವನ್ನೂ ಕೇಳಿ, “ಕೂಲಿಯವರ ಮಾತು ಬೇರೆ, ನಮ್ಮ ಮನೆತನದ ಮಾತು ಬೇರೆ” ಎಂದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಾಯಿಪಾಠ ಮಾಡಿದ ಮನೆಯಲ್ಲಿ ಬಂದ ಮಾತಿದು. ನಾವು ಉತ್ತರ ಕೊಡಲಿಲ್ಲ. ಆದರೆ ಹುಡುಗಿಯ ತಂದೆ ತಲೆ ತಗ್ಗಿಸಿದರು. ಪೂರಕ ಪರೀಕ್ಷೆಯ ಪಾಠಕ್ಕೆ ಅವಳು ಸೈಕಲ್ಲಿನ ಮೇಲೆಯೇ ಹೋದಳು, ಮೊದಲ ವಾರ ತಂದೆ ಹಿಂದೆ ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ. ಈಗ ಪದವಿಪೂರ್ವ ಕಾಲೇಜಿನಲ್ಲಿದ್ದಾಳೆ.

ಆದುದರಿಂದ ನಾವು ಗೃಹಸ್ಥರಲ್ಲಿ ಕೇಳಿಕೊಳ್ಳುವುದಿಷ್ಟು. ಹಿತ್ತಿಲಲ್ಲಿ, ಅಟ್ಟದಲ್ಲಿ ಬಿದ್ದಿರುವ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ರಿಪೇರಿಯವರಿಗೆ ತೋರಿಸಿರಿ. ಚೈನು, ಫ್ರೀವೀಲು, ಎರಡು ಟಯರು ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿದರೆ ಹಳೆಯ ಗಟ್ಟಿ ಚೌಕಟ್ಟಿನ ಸೈಕಲ್ಲು ಇನ್ನೂ ಒಂದು ತಲೆಮಾರು ನಡೆಯುತ್ತದೆ. ರಿಪೇರಿ ಬಲ್ಲ ಅಂಗಡಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕೆಲಸ ಕೊಟ್ಟರೆ ಉಳಿದಾವು. ಜಾಲಿಮುಳ್ಳಿನ ನಾಡು ನಮ್ಮದಾದ್ದರಿಂದ ಪ್ಯಾಚು, ಸಲ್ಯೂಷನ್ನು, ಪಂಪು ಮನೆಯಲ್ಲಿರಲಿ. ಪಂಕ್ಚರ್ ಹಾಕುವುದನ್ನು ಮಕ್ಕಳೇ ಕಲಿಯಲಿ, ಹೆಣ್ಣುಮಕ್ಕಳೂ ಕಲಿಯಲಿ.

ಮಧುಮೇಹ, ರಕ್ತದ ಒತ್ತಡ ಎಂದು ವೈದ್ಯರಿಂದ ನಡಿಗೆಯ ಆದೇಶ ಪಡೆದು, ಮಂಡಿನೋವಿನಿಂದ ನಡೆಯಲಾರದೆ ಕುಳಿತ ಹಿರಿಯರು ನಮ್ಮ ಮನೆಗಳಲ್ಲಿ ಬಹುಮಂದಿ. ಸೈಕಲ್ಲಿನಲ್ಲಿ ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಬೀಳುವ ಹೊರೆ ಕಡಿಮೆ. ಅಭ್ಯಾಸ ತಪ್ಪಿದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಕಾಲು ನೆಲಕ್ಕೆ ಎಟುಕುವಂತೆ ಸೀಟನ್ನು ತಗ್ಗಿಸಿಕೊಂಡು, ಊರಿನ ಓಣಿಯಲ್ಲಿ ಮೈಲಿ ಎರಡು ಮೈಲಿ ಸಾಕು. ಅರವತ್ತು ದಾಟಿದ ನಾವು ಇಂದಿಗೂ ವಾರಕ್ಕೆ ಮೂರು ದಿನ ತುಳಿಯುತ್ತೇವೆ, ಏರು ಬಂದಲ್ಲಿ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ರೈತ ಬಂಧುಗಳೊಡನೆ ನಮಗೆ ಜಗಳವಿದೆ. ಸುಗ್ಗಿಯಲ್ಲಿ ರಾಗಿ, ಹುರುಳಿ, ಅವರೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಪದ್ಧತಿ ಈ ಸೀಮೆಯಲ್ಲೆಲ್ಲ ಬೆಳೆದುಬಿಟ್ಟಿದೆ. ಕಣ ಮಾಡುವ ಆಳು ಸಿಗುವುದಿಲ್ಲ, ಎತ್ತುಗಳು ಇಲ್ಲ. ಕಷ್ಟ ನಮಗೆ ಅರ್ಥವಾಗದ್ದಲ್ಲ. ಆದರೆ ಒಣಗಿದ ಹುರುಳಿಯ ಬಳ್ಳಿಯ ಮೇಲೆ ಸೈಕಲ್ಲಿನ ಗಾಲಿ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ, ಬಳ್ಳಿ ಕಡ್ಡಿಗಳಿಗೂ ಚೈನಿಗೂ ಸುತ್ತಿಕೊಳ್ಳುತ್ತದೆ. ನಿವೃತ್ತರಾದ ಮೇಷ್ಟ್ರೊಬ್ಬರು, ನಮ್ಮ ಸಹಪಾಠಿಗಳು, ಹೀಗೆಯೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಆ ಹುಲ್ಲು ಹರಡಿದವರು ಅವರ ಶಿಷ್ಯರೇ ಆಗಿದ್ದರು. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಗ್ರಾಮ ಪಂಚಾಯಿತಿಗಳು ಊರಿಗೊಂದು ಸಿಮೆಂಟಿನ ಕಣ ಕಟ್ಟಿಸಲು ಉದ್ಯೋಗ ಖಾತರಿ ಯೋಜನೆಯ ಹಣ ಬಳಸಿದ ಉದಾಹರಣೆಗಳಿವೆ. ಅಂತಹ ಕಣವಿರುವ ಕಡೆಗಳಲ್ಲೂ ಒಕ್ಕಣೆಯನ್ನು ರಸ್ತೆಗೆ ತರುವುದಕ್ಕೆ ಸೋಮಾರಿತನವಲ್ಲದೆ ಬೇರೆ ಹೆಸರು ನಮಗೆ ತೋಚುವುದಿಲ್ಲ. ಇಂಗ್ಲೆಂಡಿನವರಂತೆ ಓಣಿಗೆ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. ಊರಿನ ಹತ್ತು ಮಂದಿ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಿದರೆ ಸಾಕು. ಅವೈಜ್ಞಾನಿಕವಾಗಿ ಎಬ್ಬಿಸುವ ರಸ್ತೆಯುಬ್ಬುಗಳಿಗೂ ಇದೇ ಮಾತು ಸಲ್ಲುತ್ತದೆ. ಉಬ್ಬು ಬೇಕಿದ್ದರೆ ಇರಲಿ, ಅದಕ್ಕೆ ಬಿಳಿಯ ಬಣ್ಣವನ್ನಾದರೂ ಬಳಿಯಿರಿ.

ಸಂಜೆ ಬೆಳಕು ಮಂದವಾದ ಮೇಲೆ ಹಿಂದೆ ಕೆಂಪು ದೀಪವಿಲ್ಲದೆ ಹೊರಡಬಾರದು. ಹಿಂದಿನ ಡೈನಮೋ ತುಳಿದಾಗ ಮಾತ್ರ ಉರಿಯುತ್ತಿತ್ತು. ಈಗ ಬ್ಯಾಟರಿಯ ಸಣ್ಣ ದೀಪಗಳು ಅಗ್ಗವಾಗಿ ದೊರೆಯುತ್ತವೆ. ಬಿಳಿಯ ಅಂಗಿ ತೊಡುವ ನಮ್ಮ ಹಿರಿಯರ ಪದ್ಧತಿ ಕತ್ತಲೆಯಲ್ಲಿ ಒಳ್ಳೆಯದೇ. ಕಾವಲಿನ ಅಂಚಿನಲ್ಲಿಯೂ ಲಕ್ಕವಳ್ಳಿಯ ಕಾಡಿನ ಕಡೆಗೂ ಕತ್ತಲಾದ ಮೇಲೆ ಸರ್ವಥಾ ಹೋಗಬಾರದು.

ಮನೆಮಂದಿಯೆಲ್ಲ ಕೂಡಿ ಮೊದಲ ಸಲ ಹೊರಡುವವರಿಗೆ ತರೀಕೆರೆಯಿಂದ ಅಮೃತಾಪುರದ ದಾರಿ ತಕ್ಕದ್ದು. ಸುಮಾರು ಹತ್ತು ಕಿಲೋಮೀಟರು. ಕಾರ್ತಿಕ ಕಳೆದು ಶಿವರಾತ್ರಿಯವರೆಗಿನ ದಿನಗಳು ಹಿತ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಟರೆ ಬಿಸಿಲೇರುವುದರೊಳಗೆ ತಿರುಗಿ ಬರಬಹುದು. ಬುತ್ತಿಗೆ ರೊಟ್ಟಿ, ಚಟ್ನಿಪುಡಿ, ಮಜ್ಜಿಗೆ ಇದ್ದರೆ ಸಾಕು. ಅಲ್ಲಿರುವ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದನು. ಶಿಲ್ಪಿ ಮಲ್ಲಿತಮ್ಮನ ಕೈ ಅಲ್ಲಿದೆ, ಕವಿ ಜನ್ನನು ರಚಿಸಿದ ಶಾಸನವೂ ಅಲ್ಲಿದೆ. ಸೈಕಲ್ಲುಗಳನ್ನು ಹೊರಗೆ ನಿಲ್ಲಿಸಿ, ಮುಖ ತೊಳೆದು, ದರ್ಶನ ಮಾಡಿ, ಮುಂದಿನ ಮಂಟಪದ ಕೈಪಿಡಿ ಗೋಡೆಯ ಹೊರಮೈಯನ್ನು ಸಾವಕಾಶವಾಗಿ ನೋಡಬೇಕು. ದಕ್ಷಿಣದಲ್ಲಿ ರಾಮಾಯಣದ 70 ಫಲಕಗಳು. ಉತ್ತರದಲ್ಲಿ ಕೃಷ್ಣನ ಕಥೆಯವು 25, ಮಹಾಭಾರತದವು 45. ರಾಮಾಯಣದ ಕಥೆ ಅಲ್ಲಿ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣದಲ್ಲಿ ಸಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಬಾರದು. ಪ್ರದಕ್ಷಿಣವಾಗಿಯೇ ಹೊರಟ ಅವರು ಕಥೆ ಹಿಂದುಮುಂದಾಯಿತೆಂದು ತಾವೇ ಕೂಗಿ ಹೇಳುತ್ತಾರೆ.